ಬಿಟ್ಟುಕೊಟ್ಟ ಇಪ್ಪತ್ತೊಂಬತ್ತು

ನನ್ನ ಮದುವೆಯ ದಿನ ಮಳೆ ಬಂದಿತ್ತು ಎಂದು ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಹಂದರದಿಂದ ನೀರು ಸೋರಿ ಸೋದರಮಾವನ ರುಮಾಲು ತೊಯ್ದು ಅವನ ಕಿವಿಯ ಮೇಲೆ ಜೋತುಬಿದ್ದದ್ದನ್ನು ನಟಿಸಿಯೂ ತೋರಿಸುತ್ತಿದ್ದೆ. ಆಮೇಲೆ ಒಂದು ದಿನ ಆಲ್ಬಮ್ ತೆಗೆದು ನೋಡಿದರೆ ಪ್ರತಿ ಫೋಟೋದಲ್ಲೂ ಕಣ್ಣು ಕುಕ್ಕುವ ಬಿಸಿಲು. ಮಾವನ ರುಮಾಲು ಗರಿಗರಿಯಾಗಿ ನಿಂತಿದೆ. ಆ ಮಳೆ ಯಾರ ಮದುವೆಯದೋ, ಹೇಗೆ ಬಂದು ನನ್ನ ಮದುವೆಯ ಮೇಲೆ ಸುರಿಯಿತೋ ತಿಳಿಯದು. ಅಂದಿನಿಂದ ನನ್ನ ನೆನಪು ಏನು ಹೇಳಿದರೂ ಸಾಕ್ಷಿ ಕೇಳುತ್ತೇನೆ. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದವನಿಗೆ ಇದು ಹಳೆಯ ಚಾಳಿ. ಮೊದಲು ಬೇರೆಯವರನ್ನು ಕೇಳಿ ಬೈಸಿಕೊಳ್ಳುತ್ತಿದ್ದೆ, ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಹಾಗಾಗಿ ಇಲ್ಲಿ ಬರೆಯುವುದರಲ್ಲಿ ನಾನು ಆಣೆ ಮಾಡಿ ಹೇಳಬಲ್ಲದ್ದು ಒಂದೇ. ಅದು ಒಂದು ಸಂಖ್ಯೆ: 381654729.

ಇದನ್ನು ಎಡಗಡೆಯಿಂದ ಒಂದೊಂದೇ ಅಂಕಿ ಕೂಡಿಸಿಕೊಳ್ಳುತ್ತ ಓದಬೇಕು. ಮೊದಲು 3. ಅದು ಒಂದರಿಂದ ಭಾಗವಾಗುತ್ತದೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. 38 ಎರಡರಿಂದ ಭಾಗವಾಗುತ್ತದೆ. 381 ಮೂರರಿಂದ. 3816 ನಾಲ್ಕರಿಂದ, 38165 ಐದರಿಂದ. ಹೀಗೇ ಒಬ್ಬೊಬ್ಬರಾಗಿ ಬಂದು ಪಂಗತಿಯಲ್ಲಿ ಕೂತ ಹಾಗೆ. ಎಷ್ಟು ಜನ ಕೂತರೂ ಅಷ್ಟೂ ಜನರಿಗೆ ಸಮಪಾಲು, ಪಾತ್ರೆಯಲ್ಲಿ ಒಂದಗುಳೂ ಉಳಿಯುವುದಿಲ್ಲ. ಕೊನೆಗೆ ಒಂಬತ್ತೂ ಅಂಕಿ ಸೇರಿದಾಗ ಪೂರ್ತಿ ಸಂಖ್ಯೆ ಒಂಬತ್ತರಿಂದ ಭಾಗವಾಗುತ್ತದೆ. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ಒಂದೊಂದೇ ಸಲ ಬಂದು ಹೀಗೆ ಹೊಂದಿಕೊಳ್ಳುವ ಸಂಖ್ಯೆ ಇದೊಂದೇ, ಇನ್ನೊಂದಿಲ್ಲ. ಹುಡುಕಿದವರಿಗೆ ಸಿಕ್ಕಿಲ್ಲ ಎಂದಲ್ಲ, ಇಲ್ಲವೇ ಇಲ್ಲ. ಕಾಗದ ಪೆನ್ಸಿಲು ಕೊಟ್ಟರೆ ಸಾಬೀತು ಮಾಡಿ ತೋರಿಸಬಲ್ಲೆ. ಒಮ್ಮೆ ಹಾಗೆ ತೋರಿಸಬೇಕಾಗಿ ಬಂದಿತ್ತು, ನನ್ನ ಮದುವೆ ಅದರ ಮೇಲೆ ನಿಂತಿತ್ತು.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆಯಾದ ಹೊಸತು ಅದು. ನಮ್ಮ ಮನೆ ಸಾಂಗ್ಲಿಯಲ್ಲಿ, ಅಪ್ಪನ ಲೇಥ್ ಶೆಡ್ಡು ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ, ನೋಡಲು ಹೋಗಬೇಕಾದ ಹುಡುಗಿ ಮಿರಜದಲ್ಲಿ. ಸಿಟಿ ಬಸ್ಸಿನಲ್ಲಿ ಹತ್ತಿದರೆ ಇಳಿಯುವವರೆಗೂ ಅದೇ ಜಗಳ: ಹೆಸರಿನಲ್ಲಿ ಯಾವ ಊರು ಮೊದಲು, ಯಾವುದು ಆಮೇಲೆ, ನಲ್ಲಿ ನೀರು ಯಾರಿಗೆ ಮೊದಲು ಬರುತ್ತದೆ. ಒಬ್ಬ ಮುದುಕರು ಕಂಡಕ್ಟರನಿಗೆ, "ಈಗ ಒಂದ ಊರ ಆತಲ್ಲಪಾ, ಊರೊಳಗಿನ ಊರಿಗೆ ತಿಕೀಟ ಯಾಕ?" ಎಂದು ಕೇಳಿದ್ದರು. ಕಂಡಕ್ಟರ್ ಮರಾಠಿಯಲ್ಲಿ ಏನೋ ಅಂದ, ಇಡೀ ಬಸ್ಸು ನಕ್ಕಿತು. ಏನಂದ ಎಂದು ನೆನಪಿಲ್ಲ. ನೆನಪಿದ್ದಿದ್ದರೂ ನಂಬುತ್ತಿರಲಿಲ್ಲ.

ಹುಡುಗಿಯ ತಂದೆ ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿಣದ ದಲಾಲರು. ದಿನಾ ಮಿರಜದಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದು ಹೋಗುತ್ತಿದ್ದರು. ಆಕೆ ಗಣಿತದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದಳು. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೇ 'ಕಾಂದಾಪೋಹೆ', ಉಳ್ಳಾಗಡ್ಡಿ ಅವಲಕ್ಕಿ, ಎಂದು ಹೆಸರು. ಅವರ ಮನೆಯಲ್ಲಿ ಉಳ್ಳಾಗಡ್ಡಿ ತಿನ್ನುತ್ತಿರಲಿಲ್ಲವಾದ್ದರಿಂದ ನನಗೆ ಸಿಕ್ಕಿದ್ದು ಕಾಂದಾ ಇಲ್ಲದ ಕಾಂದಾಪೋಹೆ. ಅಪ್ಪ ಅವ್ವ ನನ್ನ ಎರಡೂ ಕಡೆ ಕೂತಿದ್ದರು. ಎದುರಿಗೆ ಆಕೆಯ ತಂದೆ, ಗೋಡೆಗೆ ಒರಗಿ ಆಕೆಯ ಆಯಿ. ತಂದೆಯ ತಾಯಿಗೆ ಅಲ್ಲಿ ಆಯಿ ಎನ್ನುತ್ತಾರೆ. ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಲ್ಲ ಮುಗಿದ ಮೇಲೆ ಅವ್ವ ದೊಡ್ಡ ಮನಸ್ಸು ಮಾಡಿ ಅಂದಳು: "ನಿನಗೂ ಏನರ ಕೇಳೂದಿದ್ರ ಕೇಳವಾ. ನಾಚಬ್ಯಾಡ."

ಆಕೆ ನಾಚಲಿಲ್ಲ. "ನಿಮಗ ಭಾಳ ಸೇರೂ ಸಂಖ್ಯಾ ಯಾವುದರಿ?" ಎಂದು ನನ್ನನ್ನೇ ಕೇಳಿದಳು.

ಜೀವಮಾನದಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಪೋಹೆಯ ಚಮಚ ಗಾಳಿಯಲ್ಲೇ ನಿಂತಿತು. ತಲೆ ತಿರುಗಿದಂತಾಗಿ, ಆ ಸಂಖ್ಯೆಯ ಮಹಿಮೆಯನ್ನೆಲ್ಲ ಕೈ ಆಡಿಸಿ ಆಡಿಸಿ ವರ್ಣಿಸಿದೆ. ಸೇರಿದವರಿಗೆಲ್ಲ ಸಮಪಾಲು ಎಂದೆ, ಜಗತ್ತಿಗೆಲ್ಲ ಇದೊಂದೇ ಎಂದೆ. ಆಮೇಲೆ ಗತ್ತಿನಿಂದ ಒಂದೊಂದೇ ಅಂಕಿ ಹೇಳಿದೆ: ಒಂದು, ಎಂಟು, ಮೂರು, ಆರು, ಐದು, ನಾಲ್ಕು, ಏಳು, ಎರಡು, ಒಂಬತ್ತು.

ಓದುವವರು ತಪ್ಪನ್ನು ಆಗಲೇ ಹಿಡಿದಿರಬೇಕು. ನಾನಾಗ ಹಿಡಿಯಲಿಲ್ಲ. ಆಕೆ ನೆಲ ನೋಡುತ್ತ ಕೂತಿದ್ದಳು, ಹೆಬ್ಬೆರಳು ಮಾತ್ರ ಬೆರಳಿನ ಗೆಣ್ಣುಗಳ ಮೇಲೆ ಓಡಾಡುತ್ತಿತ್ತು. ಜಪ ಮಾಡುತ್ತಿದ್ದಾಳೆ, ಭಕ್ತೆ, ಎಂದು ಅವ್ವ ಖುಷಿಪಟ್ಟಳಂತೆ. ಆಕೆ ಏಳರಿಂದ ಭಾಗಿಸುತ್ತಿದ್ದಳು. ಭಾಗಿಸಿ ಮುಗಿಸಿ, "ಚಹಾ ತರತೀನ್ರಿ" ಎಂದು ಎದ್ದು ಒಳಗೆ ಹೋದಳು.

ನನಗೆ ಆಕೆ ಎಷ್ಟು ಹಿಡಿಸಿದ್ದಳೆಂದರೆ, ಬಸ್ಸಿನಲ್ಲಿ ವಾಪಸ್ಸು ಬರುವಾಗ ಎರಡು ಸ್ಟಾಪು ಮೊದಲೇ ಇಳಿದು ಅಪ್ಪ ಅವ್ವನನ್ನೂ ನಡೆಸಿದೆ.

ಕೆಲವು ದಿನ ಕಳೆದು ದಲಾಲರು ಹೇಳಿಕಳಿಸಿದರು, ಯಾರ್ಡಿಗೆ ಬಂದು ಕಾಣಬೇಕಂತೆ. ಹೋದೆ. ಅರಿಶಿಣದ ಚೀಲಗಳ ನಡುವೆ ಅವರು ನಿಂತಿದ್ದರು. ಹಳದಿ ಉಗುರು, ಹಳದಿ ಚಪ್ಪಲಿ, ಹೆಗಲ ಮೇಲೆ ಒಮ್ಮೆ ಬೆಳ್ಳಗಿದ್ದ ಟವೆಲ್ಲು.

"ಬರ್ರಿ ಪ್ರೊಫೆಸರ್ ಸಾಹೇಬ್ರ," ಎಂದರು. ನಾನು ಆಗ ಕಾಲೇಜಿನಲ್ಲಿ ತಾತ್ಕಾಲಿಕ ಮೇಷ್ಟರು ಅಷ್ಟೇ. "ಹುಡುಗಿ ಅಂತಾಳ, ನಿಮ್ಮ ಸಂಖ್ಯಾ ಏಳರ ಹತ್ರ ಕೈ ಕೊಡತೈತಂತ. ಆರು ಉಳೀತಾವಂತ. ಎಲ್ಲಾ ಹೊಂದತೈತಿ, ಜಗತ್ತಿಗೆಲ್ಲ ಒಂದ ಐತಿ ಅಂತ ಮುಖಾ ಮ್ಯಾಲ ಎತ್ತಿ ಹೇಳಿದ್ರಲ್ಲ. ಸರಿ ಇದ್ದದ್ದು ತಂದು ಕೊಟ್ರ ಮುಂದಿನ ಮಾತು. ಇಲ್ಲಾಂದ್ರ ರಾಮರಾಮ ಅಂದಾಳ."

"ಅಷ್ಟಕ್ಕ ರಾಮರಾಮ ಏನ್ರಿ?"

"ನಾನೂ ಅದನ್ನ ಕೇಳಿದೆ. ತಪ್ಪು ಹೇಳಿದ್ದಕ್ಕಲ್ಲಪ್ಪಾ, ತಾಳೆ ನೋಡದ ಹೇಳಿದ್ರಲ್ಲ, ಅದಕ್ಕ ಅಂದ್ಲು. ನನಗೇನೂ ತಿಳೀಲಿಲ್ಲ. ನಿಮಗ ತಿಳೀತಿರಬೇಕು."

ನನಗೆ ತಿಳಿಯಿತು. ಸೈಕಲ್ಲು ಹತ್ತಿ ನೇರ ಕುಪವಾಡಕ್ಕೆ, ಅಪ್ಪನ ಶೆಡ್ಡಿಗೆ ಹೊಡೆದೆ. ಅಲ್ಲಿ ಒರಗಿಸಿಟ್ಟ ಕಬ್ಬಿಣದ ಹಾಳೆ ನಮ್ಮ ಮನೆಯ ಯಾವ ಹಲಗೆಗಿಂತಲೂ ದೊಡ್ಡದು, ಗುರುತು ಹಾಕುವ ಸೀಮೆಸುಣ್ಣ ಬೇಕಾದಷ್ಟು. ನೆನಪನ್ನು ಕೇಳಬಾರದೆಂದು ನಿಶ್ಚಯಿಸಿದ್ದೆ. ನೆನಪು ಒಮ್ಮೆ ಕೈ ಕೊಟ್ಟಾಗಿತ್ತು. ಸಂಖ್ಯೆಯನ್ನು ಬುಡದಿಂದಲೇ ಎಬ್ಬಿಸಬೇಕು.

ಎಬ್ಬಿಸುವುದು ಕಷ್ಟವಲ್ಲ. ಸೊನ್ನೆ ಇಲ್ಲವಾದ್ದರಿಂದ ಐದನೆಯ ಜಾಗದಲ್ಲಿ ಐದೇ ಕೂರಬೇಕು. ಎರಡು, ನಾಲ್ಕು, ಆರು, ಎಂಟನೆಯ ಜಾಗಗಳಿಗೆ ಸಮ ಅಂಕಿಗಳೇ ಬೇಕು. ಇರುವುದೇ ನಾಲ್ಕು ಸಮ, ನಾಲ್ಕು ಜಾಗ. ಅಲ್ಲಿಗೆ ಬೆಸದವರೆಲ್ಲ ಬೆಸ ಜಾಗಕ್ಕೆ ನಡೆದರು. ಮೂರನೆಯದು ಬೆಸವಾದರೆ ನಾಲ್ಕನೆಯದು 2 ಅಥವಾ 6, ಬೇರೆ ದಾರಿಯಿಲ್ಲ. ಮೂರಕ್ಕೂ ಆರಕ್ಕೂ ಒಪ್ಪಬೇಕೆಂದರೆ ನಡುವಿನ ಮೂವರು 258 ಅಥವಾ 654. ಎಂಟಕ್ಕೆ ಒಪ್ಪಬೇಕೆಂದರೆ ಕೊನೆಯ ಕಡೆಯೂ ಬಿಗಿಯುತ್ತದೆ. ಲಕ್ಷಗಟ್ಟಲೆ ಇದ್ದ ಗುಂಪು ನೋಡನೋಡುತ್ತ ಕರಗಿ ಹತ್ತೇ ಸಂಖ್ಯೆ ಉಳಿದವು. ಹತ್ತೂ ಎಲ್ಲದಕ್ಕೂ ಒಪ್ಪುತ್ತವೆ, ಏಳೊಂದನ್ನು ಬಿಟ್ಟು. ಏಳರ ಮುಂದೆ ಯಾವ ಉಪಾಯವೂ ನಡೆಯುವುದಿಲ್ಲ, ಒಂದೊಂದನ್ನೂ ಭಾಗಿಸಿಯೇ ನೋಡಬೇಕು.

ಲೇಥ್ ನಿಲ್ಲಿಸಿ ಅಪ್ಪ ಹಿಂದೆ ಬಂದು ನಿಂತಿದ್ದ. ಕೂದಲಿನ ಅಗಲದಷ್ಟು ಹೆಚ್ಚುಕಡಿಮೆಯಾದರೂ ಮಾಡಿದ ಕೆಲಸ ಎಸೆಯುವ ಮನುಷ್ಯ. "ಏನ ನಡಸೀಯೋ?"

"ಹತ್ತ ಅದಾವ. ಏಳಕ್ಕ ಹೊಂದೂದು ಯಾವುದು ನೋಡಾಕತ್ತೀನಿ."

"ಹಂಗಂದ್ರ ಏಳು ಅಂಬೂದು ಗೇಜು," ಎಂದ ಅಪ್ಪ. ಅವನ ಜಗತ್ತಿನಲ್ಲಿ ಗೇಜಿಗೆ ಕೂತರೆ ಪಾಸು, ಕೂರದಿದ್ದರೆ ರಿಜೆಕ್ಟು. "ಒಂದೊಂದ ಹಾಕು, ನೋಡೋಣು."

ಒಂದೊಂದೇ ಹಾಕಿದೆ. ಹತ್ತರಲ್ಲಿ ಒಂಬತ್ತನ್ನು ಏಳು ಒದ್ದು ಹೊರಗೆ ಹಾಕಿತು. ಅದರಲ್ಲಿ ನಾನು ಪೋಹೆಯ ಮುಂದೆ ಹಾಡಿದ, 183ರಿಂದ ಶುರುವಾಗುವ ಸಂಖ್ಯೆಯೂ ಇತ್ತು. ಅದು ನಿಜಕ್ಕೂ ಆರು ಉಳಿಸಿಕೊಂಡು ಕೂತಿತ್ತು. 1836547ನ್ನು ಆಕೆ ಬೆರಳಿನ ಗೆಣ್ಣಿನ ಮೇಲೆ, ನೆಲ ನೋಡುತ್ತ, ಚಹಾದ ಮೊದಲೇ ಭಾಗಿಸಿ ಮುಗಿಸಿದ್ದಳು! ಬರೀ ಒಂದು ಮತ್ತು ಮೂರನ್ನು ಅದಲುಬದಲು ಮಾಡಿದರೆ 3816547, ಏಳರಿಂದ ಭಾಗಿಸಿದರೆ 545221, ಉಳಿಕೆ ಏನೂ ಇಲ್ಲ. ನಾನು ಶೆಡ್ಡಿನಲ್ಲಿ ಕುಣಿದೆ ಎಂದು ಅಪ್ಪ ಆಮೇಲೆ ಊರೆಲ್ಲ ಹೇಳಿದ. ನನಗೆ ಅದು ನೆನಪಿಲ್ಲ, ಆದರೆ ಅಪ್ಪ ಕೂದಲಿನ ಅಗಲದಷ್ಟೂ ಹೆಚ್ಚು ಹೇಳುವವನಲ್ಲ.

ಇನ್ನು ಅದನ್ನು ತಲುಪಿಸುವುದು. ಹುಡುಗಿಯ ಮನೆತನದ ಕಟ್ಟಳೆ ಹೀಗಿತ್ತು: ಯಾದಿ ಆಗುವ ತನಕ ಎರಡು ಮನೆಗಳ ನಡುವೆ ಕಾಗದದ ಮೇಲೆ ಏನೂ ಬರೆಯಬಾರದು. ಯಾದಿ ಎಂದರೆ ಎರಡೂ ಕಡೆಯ ಹಿರಿಯರು ಕೂತು ಮದುವೆಯ ಒಪ್ಪಂದ ಬರೆಯುವ ಶಾಸ್ತ್ರ. ಅದಕ್ಕೆ ಮೊದಲು ಬರೆದರೆ ಸಂಬಂಧ ಮುರಿಯುತ್ತದಂತೆ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದಂತೂ ಇಲ್ಲವೇ ಇಲ್ಲ. ನನ್ನ ಒಂಬತ್ತು ಅಂಕಿಗಳು ಹೋಗಬೇಕಾದರೆ ದಲಾಲರ ಮೂಲಕವೇ ಹೋಗಬೇಕು.

ಮರುದಿನ ಯಾರ್ಡಿನಲ್ಲಿ ಅವರ ಕಿವಿಯ ಹತ್ತಿರ ಬಾಯಿ ಒಯ್ದೆ. ಅವರು ತಲೆ ಹಿಂದೆ ಎಳೆದರು. "ಕಿವಿಗೆ ಬಿದ್ದದ್ದು ಮನಿ ಮುಟ್ಟೂದ್ರಾಗ ಮರೀತೈತ್ರಿ. ಕೈಗೆ ಬಿದ್ದದ್ದು ಮರಿಯೂದಿಲ್ಲ. ಕೈ ಕೊಡ್ರಿ." ಹೆಗಲ ಟವೆಲ್ಲು ತೆಗೆದು ನಮ್ಮಿಬ್ಬರ ಬಲಗೈ ಮೇಲೆ ಮುಚ್ಚಿದರು.

ಅರಿಶಿಣದ ವ್ಯಾಪಾರ ಹಾಗೇ ನಡೆಯುತ್ತಿತ್ತು. ಧಾರಣೆ ಬಾಯಲ್ಲಿ ಹೇಳುವಂತಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸಬೇಕು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಪೂರ್ತಿ ಕೈ ಐದು. ಅದರ ಮೇಲಿನದಕ್ಕೆ ಕೈ ಹಿಡಿದು ಮತ್ತೆ ಬೆರಳು. ಅವರು ನನಗೆ ಹೇಳಿಕೊಟ್ಟದ್ದು ಹಾಗೆ. ನಾನು ಮೂರು ಬೆರಳು ಹಿಡಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಎಂಟು. ಒಂದು. ಸುತ್ತಲಿನ ದಲಾಲರು ಮೆಲ್ಲಗೆ ಹತ್ತಿರ ಸರಿದರು. ಯಾವ ಮಾಲಿನ ಧಾರಣೆಗೂ ಇಷ್ಟು ಹೊತ್ತು ಟವೆಲ್ಲು ಅಲ್ಲಾಡುವುದಿಲ್ಲ.

"ಏನ್ರಿ ಇದು, ಇಡೀ ಯಾರ್ಡ ಖರೀದಿ ಮಾಡಾಕತ್ತೀರೇನು?" ಒಬ್ಬ ಕೇಳಿದ.

"ಅಳಿಯಾನ್ನ ಖರೀದಿ ಮಾಡಾಕತ್ತೇನಿ, ಸುಮ್ನಿರು," ಎಂದರು ಇವರು. ಅಳಿಯ ಎಂಬ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ಆರು ಹಿಡಿಯಬೇಕಾದಲ್ಲಿ ಏಳು ಹಿಡಿದೆ. ಸಾವರಿಸಿಕೊಂಡು ತಿದ್ದಿದೆ. ಆರು, ಐದು, ನಾಲ್ಕು, ಏಳು. ಎರಡು ಬೆರಳು ಹಿಡಿಯಲು ಹೋದೆ, ಅಷ್ಟರಲ್ಲಿ ಅವರು ಕೈ ಕುಲುಕಿ ಟವೆಲ್ಲು ತೆಗೆದೇಬಿಟ್ಟರು.

"ಇನ್ನೂ ಎರಡ ಅದಾವ್ರಿ!"

"ಸಾಕ್ರಿ. ಮೂವತ್ತೆಂಟು ಕೋಟಿ ಹದಿನಾರು ಲಕ್ಷ ಐವತ್ತನಾಲ್ಕು ಸಾವಿರದ ಏಳನೂರು. ಆತಿಲ್ಲ? ಅದರ ಮ್ಯಾಲಿನ ಚಿಲ್ಲರೆ ಹಿಡಕೊಂಡು ಯಾವ ಸೌದಾ ಮುಗದೈತ್ರಿ? ಬಿಟ್ಟಬಿಡ್ರಿ."

"ಅದು ಚಿಲ್ಲರೆ ಅಲ್ರಿ! ಇಪ್ಪತ್ತೊಂಬತ್ತು! ಅದಿಲ್ಲಾಂದ್ರ..."

"ಇಪ್ಪತ್ತೊಂಬತ್ತಕ್ಕ ಕೂತು ಅಳತೀರೇನು? ದೊಡ್ಡ ಮನಸ ಮಾಡ್ರಿ." ಮೋಟಾರ್ ಸೈಕಲ್ಲಿಗೆ ಒಂದು ಒದೆ ಕೊಟ್ಟರು. ಹೊಗೆ ಬಿಟ್ಟುಕೊಂಡು ಅದು ಮಿರಜದ ಕಡೆ ಹೊರಟಿತು.

ಜೀವನವಿಡೀ ಕೊನೆಯ ಚಿಲ್ಲರೆ ಬಿಟ್ಟೇ ವ್ಯಾಪಾರ ಮುಗಿಸಿದ ಮನುಷ್ಯ ನನ್ನ ಸಂಖ್ಯೆಯ ಜೊತೆಗೂ ಚೌಕಾಸಿ ಮಾಡಿದ್ದರು! ಕೊನೆಗೆ ಎರಡು ಸೊನ್ನೆ ಹೊತ್ತು ಆ ಸಂಖ್ಯೆ ಹೋದರೆ ಒಂಬತ್ತು ಅಂಕಿಯ ನಿಯಮವೇ ಮುರಿಯಿತು, ಒಂಬತ್ತಕ್ಕೂ ಹೊಂದುವುದಿಲ್ಲ. 'ಮತ್ತೆ ತಾಳೆ ನೋಡದೆ ಕಳಿಸಿದ' ಎಂದು ಆಕೆ ರಾಮರಾಮ ಹೇಳಿಬಿಡುತ್ತಾಳೆ. ಸೈಕಲ್ಲನ್ನು ಅರಿಶಿಣದ ಚೀಲಕ್ಕೆ ಒರಗಿಸಿ ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಅಂದೂ ಅದೇ ಜಗಳ ನಡೆದಿತ್ತು, ಯಾವ ಊರು ಮೊದಲು, ಯಾವುದು ಆಮೇಲೆ. "ಮೊದಲಿಂದೇನ ಅವಸರಾ? ಕಡೀದು ಎರಡು ಸಾಲಾಗಿ ಬಂದ್ರ ಸಾಕು!" ಎಂದು ನಾನು ಕೂಗಿದೆ. ಪಕ್ಕದವರು ಸರಿದು ನನಗೆ ಹೆಚ್ಚು ಜಾಗ ಕೊಟ್ಟರು.

ಅವರ ಮನೆಯ ಕಟ್ಟೆ ಹತ್ತುವಾಗ ಮೋಟಾರ್ ಸೈಕಲ್ಲು ಆಗಲೇ ಅಂಗಳದಲ್ಲಿತ್ತು. ಬಾಗಿಲಲ್ಲಿ ಆಯಿ ಅಕ್ಕಿ ಆರಿಸುತ್ತ ಕೂತಿದ್ದರು. ಮೊರ ಅಡ್ಡ ಹಿಡಿದರು.

"ಎಲ್ಲೆ ನುಗ್ಗತೀರಿ? ಯಾದಿ ಇಲ್ಲಾ ಏನಿಲ್ಲಾ. ಕಟ್ಟಿ ಮ್ಯಾಲೆ ಕುಂದ್ರಿ. ನೀರ ಕುಡೀರಿ."

"ಆಯಿ, ಇಪ್ಪತ್ತೊಂಬತ್ತು ಉಳದಾವ್ರಿ!"

"ಯಾತರ ಇಪ್ಪತ್ತೊಂಬತ್ತು? ಮಾವು ತಂದೀರೇನು?"

ಒಳಗಿನಿಂದ ನಗು ಕೇಳಿಸಿತು. ನಾನು ಆ ನಗುವಿನ ದಿಕ್ಕಿಗೆ, ಮೊರದ ಮೇಲಿಂದ ಕೂಗಿದೆ: "ಅವು ಸೊನ್ನಿ ಅಲ್ರಿ! ನಿಮ್ಮ ಅಪ್ಪಾರು ಚಿಲ್ಲರೆ ಅಂತ ಬಿಟ್ಟು ಬಂದಾರ!"

"ಗೊತ್ತೈತ್ರಿ," ಎಂದಿತು ಒಳಗಿನ ದನಿ. "ಏಳು ಹೊಂದತೈತಿ, ನೋಡೇನಿ. ಉಳದವು ಎರಡು, ಒಂಬತ್ತು. ಎಂಟನೇ ಜಾಗಾಕ್ಕ ಸಮ ಬೇಕು. ಅವೆರಡು ಮತ್ತ ಎಲ್ಲಿಗೆ ಹೋಗತಾವು?"

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಹೌದಲ್ಲ! ಮೊದಲ ಏಳು ಗೊತ್ತಾದ ಮೇಲೆ ಕೊನೆಯ ಎರಡಕ್ಕೆ ಬೇರೆ ಜಾಗವೇ ಇಲ್ಲ. ಎಲ್ಲ ಕಷ್ಟ ಏಳರಲ್ಲಿ ಮುಗಿದಿತ್ತು, ಆಮೇಲಿನದು ತಾನಾಗಿ ಬಂದು ಕೂರುತ್ತದೆ. ದಲಾಲರು ಯಾವ ಗಣಿತವೂ ಇಲ್ಲದೆ, ಬಿಟ್ಟರೂ ನಡೆಯುವುದನ್ನೇ ಬಿಟ್ಟಿದ್ದರು. ಒಂದು ಅಂಕಿ ಮೊದಲೇ ಕೈ ಕುಲುಕಿದ್ದರೆ ನಾನು ಏಳನ್ನು ತಾಳೆ ನೋಡಿದ್ದೇನೋ ಇಲ್ಲವೋ ಆಕೆಗೆ ತಿಳಿಯುತ್ತಿರಲಿಲ್ಲ. ಆಯಿ ನೀರು ಕೊಟ್ಟರು. ಅದರ ಜೊತೆಗೆ ಬೆಲ್ಲ ಇತ್ತು. ಬೆಲ್ಲ ಕೊಟ್ಟರೆಂದರೆ ಒಳಗಿನಿಂದ ಸನ್ನೆ ಬಂದಿರಬೇಕು ಎಂದು ನನ್ನ ಊಹೆ. ಬರೀ ಊಹೆ.

ಯಾದಿಯ ದಿನ ಬೇರೆಯೇ ಜಗಳ ಎದ್ದಿತು. ಗಂಡಿನ ಕಡೆಯವರು ಊರಿಗೆ ಬಂದಾಗ ಊರ ಎಲ್ಲೆಯಲ್ಲಿ ಎದುರುಗೊಂಡು ಪೂಜೆ ಮಾಡಬೇಕು. ಅದಕ್ಕೆ ಸೀಮಾಂತಪೂಜೆ ಎನ್ನುತ್ತಾರೆ. ಅಪ್ಪನಿಗೆ ಅದು ಆಗಲೇಬೇಕಿತ್ತು, ಜೊತೆಗೆ ಗಂಡಿನವರಿಗೆ ಬಸ್ಸನ್ನೂ ಹೆಣ್ಣಿನವರೇ ಮಾಡಬೇಕಿತ್ತು.

"ಸೀಮಿ ಎಲ್ಲಿಂದ ತರೂದ್ರಿ?" ಎಂದರು ದಲಾಲರು. "ಸಾಂಗ್ಲಿ ಮಿರಜ ಈಗ ಒಂದ ಊರು. ಒಂದ ಊರಾಗ ಬೀಗರಿಗೆ ಬಸ್ ಯಾಕ, ಸೀಮಿ ಯಾಕ?"

"ಊರು ಒಂದಾಗಿರಬೇಕು, ನಾವಿನ್ನೂ ಆಗಿಲ್ಲ," ಎಂದ ಅಪ್ಪ. ಅವನ ಗೇಜಿನಲ್ಲಿ ಸಡಿಲ ಇರಲಿಲ್ಲ.

ಯಾದಿ ಬರೆಯುವವರ ಪೆನ್ನು ಮೇಲೆಯೇ ನಿಂತಿತು. ನಾನು ಒಳಬಾಗಿಲಿನ ಕಡೆ ನೋಡಿದೆ. ಅಲ್ಲಿ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು, ಅದು ಅಲ್ಲಾಡುತ್ತಿರಲಿಲ್ಲ. ಏಳನ್ನು ದಾಟಿ ಬಂದದ್ದು ಒಂದು ಬಸ್ಸಿಗೆ ಸಿಕ್ಕಿಕೊಂಡಿತೇ! ಆಗ ದಲಾಲರು ಹೆಗಲ ಟವೆಲ್ಲು ತೆಗೆದು ಅಪ್ಪನ ಕೈ ಮೇಲೆ ಹಾಕಿದರು. ಅಪ್ಪ ಬೆಚ್ಚಿಬಿದ್ದ.

"ನಿಮ್ಮ ಮಗಾ ನನಗ ಇಪ್ಪತ್ತೊಂಬತ್ತು ಬಿಟ್ಟುಕೊಟ್ಟಾನ," ಎಂದರು. ಯಾರು ಯಾರಿಗೆ ಬಿಟ್ಟರು ಎಂದು ನಾನು ತಿದ್ದಲು ಹೋಗಲಿಲ್ಲ. "ನೀವೂ ಏನರ ಬಿಡ್ರಿ. ನಾ ಸೀಮಿ ಹುಡುಕತೀನಿ."

ಅಪ್ಪ ಕೂದಲಿನ ಅಗಲದಷ್ಟೂ ಬಿಟ್ಟು ಗೊತ್ತಿಲ್ಲದವನು. "ಬಸ್ ಬಿಟ್ಟೆ," ಎಂದ ಕೊನೆಗೆ, ಹಲ್ಲು ಕೀಳಿಸಿಕೊಂಡವನ ದನಿಯಲ್ಲಿ. ಸೆರಗಿನ ಅಂಚು ಒಳಗೆ ಓಡಿತು. ಪೆನ್ನು ಕಾಗದಕ್ಕೆ ತಾಗಿತು.

ಸೀಮೆ ಸಿಕ್ಕಿದ್ದು ಸಾಂಗ್ಲಿ-ಮಿರಜ ರಸ್ತೆಯ ನಡುವೆ, ಬಾಗಿಲು ಹಾಕಿದ್ದ ಹಳೆಯ ಜಕಾತಿ ನಾಕಾದ, ಎಂದರೆ ಊರ ಸುಂಕದ ಕಟ್ಟೆಯ, ಗೂಡಿನ ಮುಂದೆ. ಊರುಗಳು ಒಂದಾದ ಮೇಲೆ ಅಲ್ಲಿ ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ. ಲಾರಿಗಳು ಹಾರ್ನು ಹೊಡೆಯುತ್ತ ಹೋಗುವಾಗ ನನ್ನ ಕಾಲು ತೊಳೆದರು, ಆರತಿ ಎತ್ತಿದರು, ಶಾಲು ಹೊದಿಸಿದರು. ನಾವು ಅಲ್ಲಿಯವರೆಗೆ ಸಿಟಿ ಬಸ್ಸಿನಲ್ಲಿ ಬಂದಿದ್ದೆವು, ತಿಕೀಟು ತೆಗೆದುಕೊಂಡು. ದಲಾಲರು, ಈಗ ನನ್ನ ಮಾವನವರು, ನನ್ನನ್ನು ಅಪ್ಪಿಕೊಂಡು ಶಾಲಿನ ಕೆಳಗೆ ನನ್ನ ಕೈ ಹುಡುಕಿ ಎರಡು ಬೆರಳು ಹಿಡಿದರು. ಬಿಟ್ಟು, ಪೂರ್ತಿ ಕೈ ಹಿಡಿದರು. ಬಿಟ್ಟು, ನಾಲ್ಕು ಬೆರಳು. ಕಿವಿಯಲ್ಲಿ ಅಂದರು: "ನಿಮ್ಮ ಬಾಕಿ ತೀರಿತು ನೋಡ್ರಿ."

ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ತನ್ನ ಅಪ್ಪನ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ತಂಬಿಗೆ ಇತ್ತು, ನಿಮ್ಮ ಬೆರಳನ್ನು ಯಾವ ಕೈಯಿಂದ ಹಿಡಿದರು ಎಂದು ಕೇಳುತ್ತಾಳೆ. ಆಲ್ಬಮ್ಮಿನಲ್ಲಿ ಆ ಗಳಿಗೆಯ ಫೋಟೋ ಇದೆ. ಬಿಸಿಲು ಢಾಳಾಗಿದೆ, ನಾವಿಬ್ಬರೂ ನಗುತ್ತಿದ್ದೇವೆ, ಶಾಲು ಕೈಗಳನ್ನೆಲ್ಲ ಮುಚ್ಚಿದೆ. ಒಳಗೆ ತೆಂಗಿನಕಾಯಿ ಇತ್ತೋ ಬೆರಳಿತ್ತೋ ಕಾಣುವುದಿಲ್ಲ.

"ಮಳೀನೂ ಬಂದಿತ್ತಲ್ಲ ಅವತ್ತು," ಎಂದು ಆಕೆ ಚುಚ್ಚುತ್ತಾಳೆ.

ಇರಬಹುದು. ಮೊದಲಿನಿಂದ ಏಳು ಎಣಿಸಿ ನೋಡು ಎನ್ನುತ್ತೇನೆ ನಾನು. ಕಾಂದಾ ಇಲ್ಲದ ಪೋಹೆ ನಡೆದದ್ದು ಖರೆ, ಕಬ್ಬಿಣದ ಹಾಳೆ ಖರೆ, ಟವೆಲ್ಲು, ಬಸ್ಸು, ನಿನ್ನ ಆಯಿಯ ಮೊರ, ಯಾದಿ, ಜಕಾತಿ ನಾಕಾ ಎಲ್ಲ ಖರೆ. ಈ ಏಳೂ ಹೊಂದಿದ ಮೇಲೆ ಆ ಎರಡೂ ಒಂಬತ್ತೂ ಶಾಲಿನ ಕೆಳಗಲ್ಲದೆ ಮತ್ತೆ ಎಲ್ಲಿಗೆ ಹೋಗುತ್ತವೆ?